ಒಂದಾಳುದ್ದದ ತೇವ

"ನಿಲ್ಸಿ! ನಿಲ್ಸಿ ಅಂದೆ ಅಲ್ವಾ?"

ಹತ್ತು ಸಾವಿರ ಲೀಟರ್ ನೀರು ಹೊತ್ತ ಟ್ಯಾಂಕರ್ ಪ್ರಮೋದಾಳಿಂದ ಮೂರೇ ಮಾರು ದೂರದಲ್ಲಿ ಗಕ್ಕನೆ ನಿಂತಿತು. ಕೆಮ್ಮಣ್ಣಿನ ಧೂಳು ಎದ್ದು ಅವಳ ಹೆಲ್ಮೆಟ್ಟು, ಹುಬ್ಬು, ಕೈಲಿದ್ದ ರಿಜಿಸ್ಟರ್ ಎಲ್ಲದರ ಮೇಲೂ ಕೂತಿತು.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. ಮೂವತ್ತರ ಆಸುಪಾಸಿನ ವಯಸ್ಸು, ನಿದ್ದೆ ಕಾಣದ ಕಣ್ಣು.

"ಸಾಯೋಕೆ ಬೇರೆ ಗಾಡಿ ಸಿಗ್ಲಿಲ್ವಾ ಮೇಡಂ ನಿಮ್ಗೆ?"

"ಸಾಯೋ ಮಾತು ಆಮೇಲೆ. ಈ ಜಾಗಕ್ಕೆ ಒಂದು ಹನಿ ನೀರೂ ಬಿಡ್ಬೇಡಿ. ಇಲ್ಲಿ ಆಗ್ಲೇ ಹದಿನೇಳಿದೆ!"

"ಹದಿನೇಳಾ? ಏನು ಹದಿನೇಳು?"

"ಮಣ್ಣಿನ ತೇವ. ನೂರಕ್ಕೆ ಹನ್ನೆರಡಿರ್ಬೇಕು. ಇದೊಂದೇ ಜಾಗದಲ್ಲಿ ಹದಿನೇಳು ಬರ್ತಿದೆ."

ಅವಳು ಬೆರಳು ತೋರಿಸಿದ ಕಡೆ ಅವನು ನೋಡಿದ. ಅಷ್ಟೇ... ಮುಖದ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಆ ಜಾಗದ ಮೇಲೆ ನಾನು ಗಾಡಿ ಹತ್ತಿಸಲ್ಲ ಮೇಡಂ," ಅಂದ ಮೆಲ್ಲಗೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಅಷ್ಟು ದೊಡ್ಡ ಗಾಡಿಯನ್ನು ಆ ಜಾಗ ತಪ್ಪಿಸಿ ಸುತ್ತುಹಾಕಿಕೊಂಡು ಹೋದ.

'ಎಂಥ ವಿಚಿತ್ರ ಮನುಷ್ಯ ಇವನು...' ಅಂದುಕೊಂಡಳು ಪ್ರಮೋದಾ. ಆದರೆ ಆ ಕಣ್ಣು ಮಾತ್ರ ಅವಳ ಮನಸ್ಸಿನಿಂದ ಜಪ್ಪಯ್ಯ ಅಂದರೂ ಕದಲಲಿಲ್ಲ.

ಅವನ ಹೆಸರು ಮುನೀಂದ್ರ. ಆವತಿಯವನೇ.

ದೇವನಹಳ್ಳಿ ತಾಲ್ಲೂಕಿನ ಆವತಿಯ ಪಕ್ಕದಲ್ಲಿ ಹೊಸ ರಸ್ತೆ ಏಳುತ್ತಿತ್ತು. ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ಒಂದು ಪದರ ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು. ರಾಗಿಮುದ್ದೆಗೆ ಹೇಗೆ ನೀರಿನ ಹದ ಬೇಕೋ ಇದಕ್ಕೂ ಹಾಗೆಯೇ. ಕಡಿಮೆಯಾದರೆ ಮಣ್ಣು ಕೂಡುವುದಿಲ್ಲ, ಹೆಚ್ಚಾದರೆ ರೋಲರಿನಡಿ ಜಗ್ಗುತ್ತದೆ. ಆ ಹದ ನೋಡುವುದೇ ಪ್ರಮೋದಾಳ ಕೆಲಸ.

ಪುಟ್ಟ ತಕ್ಕಡಿಯಲ್ಲಿ ಆರು ಗ್ರಾಂ ಮಣ್ಣು ತೂಗಬೇಕು. ಕಾರ್ಬೈಡ್ ಪುಡಿ, ಎರಡು ಕಬ್ಬಿಣದ ಗುಂಡಿನ ಜೊತೆ ಅದನ್ನು ದಪ್ಪ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ ಕುಲುಕಬೇಕು. ಮಣ್ಣಿನಲ್ಲಿ ಎಷ್ಟು ನೀರಿದೆಯೋ ಅಷ್ಟು ಗ್ಯಾಸ್ ಎದ್ದು ಡಬ್ಬಿಯ ತಳದ ಮುಳ್ಳು ತಿರುಗುತ್ತದೆ. ಮುಚ್ಚಳ ಬಿಚ್ಚಿದರೆ ಮಾವು ಹಣ್ಣು ಮಾಡುವ ಮಂಡಿಯ ಘಾಟು ವಾಸನೆ. ಇಡೀ ದಿನ ಡಬ್ಬಿ ಗಲಗಲ ಅನ್ನಿಸುತ್ತಾ ಓಡಾಡುವ ಅವಳಿಗೆ ಸೈಟಿನವರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಗಿಲಕಿ ಮೇಡಂ!

ಅವಳಿಗೆ ಅದು ಗೊತ್ತಿತ್ತು. ಬೇಜಾರೂ ಇರಲಿಲ್ಲ.

ಆದರೆ ಈ ಗಲಗಲ ಅವಳನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅವಳ ಅಪ್ಪ ಆಂಜಿನಪ್ಪ, ಹೊಸಕೋಟೆ ಕಡೆಯ ಸಮೇತನಹಳ್ಳಿಯವರು. ರೋಲರ್ ಡ್ರೈವರ್ ಆಗಿದ್ದರು. ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ಎಲ್ಲೋ ದೂರದ ಕೆಲಸದಲ್ಲಿ ರಸ್ತೆಯ ಅಂಚು ಕುಸಿದು ರೋಲರ್ ಸಮೇತ ಉರುಳಿದರು. ವಿಚಾರಣೆಯ ದಿನ ಮೇಜಿನ ಮೇಲಿದ್ದ ರಿಜಿಸ್ಟರನ್ನು ಪ್ರಮೋದಾ ಇಣುಕಿ ನೋಡಿದ್ದಳು. ತೇವ ಬರೆಯುವ ಕಲಂನಲ್ಲಿ ಮೇಲಿನಿಂದ ಕೆಳಗಿನವರೆಗೂ ಒಂದೇ ಅಂಕಿ, ಒಂದೇ ಪೆನ್ನು. ಹನ್ನೆರಡು... ಹನ್ನೆರಡು... ಹನ್ನೆರಡು... ಯಾರೋ ಮಣ್ಣು ಮುಟ್ಟದೆ, ನೆರಳಲ್ಲಿ ಕೂತು ಬರೆದಿದ್ದರು.

ಅವತ್ತೇ ಈ ಕೆಲಸ ಕಲಿಯಬೇಕು ಅಂತ ನಿರ್ಧರಿಸಿದ್ದಳು. ಈಗ ಇಪ್ಪತ್ತೇಳಾದರೂ ಕನಸಿನಲ್ಲಿ ಅಪ್ಪ ಬಂದು ಕೇಳುತ್ತಾರೆ, 'ಕುಲುಕಿ ನೋಡಿದ್ಯಾ ಮಗಾ?'

ಅಂಥವಳಿಗೆ ಈ ಜಾಗ ಗಂಟುಬಿತ್ತು.

ಒದ್ದೆ ಮಣ್ಣನ್ನು ಕೆದಕಿಸಿ ಬಿಸಿಲಿಗೆ ಹರವಿಸಿದಳು. ಸಂಜೆ ಹನ್ನೆರಡು ಬಂತು. ರೋಲರ್ ಓಡಿಸಿದರು. ಬೆಳಗ್ಗೆ ಬಂದು ನೋಡಿದರೆ ಮತ್ತೆ ಹದಿನೇಳು! ಮಾರ್ಚ್ ತಿಂಗಳು, ಹದಿನೈದು ದಿನದಿಂದ ಮೋಡವೂ ಇಲ್ಲ. ಅಕ್ಕಪಕ್ಕದ ಮಣ್ಣೆಲ್ಲ ಒಣಗಿ ಬಿರುಕುಬಿಟ್ಟಿದೆ. ಇದೊಂದು ಮಂಚದಷ್ಟು ಜಾಗ ಮಾತ್ರ ಕಪ್ಪಗೆ ನೆನೆದು ಮಲಗಿದೆ.

ಮೂರನೇ ಬೆಳಗ್ಗೆ ರೋಲರಿನ ಪಾಪಯ್ಯ ಗಾಡಿಯಿಂದ ಇಳಿದೇಬಿಟ್ಟ. ತಲೆ ನರೆತ ಹಳೇ ಕೈ.

"ನಾನ್ ಇದರ ಮೇಲೆ ಓಡ್ಸಲ್ಲ ಕಣಮ್ಮ."

"ಯಾಕೆ ಪಾಪಯ್ಯಣ್ಣ?"

"ಉದ್ದ ನೋಡು ಸರ್‍ಯಾಗಿ. ಅಗಲ ನೋಡು. ಒಂದಾಳು ಕೈಕಾಲು ನೀಟಿ ಮನ್ಗಿದಂಗಿಲ್ವಾ?"

ಪ್ರಮೋದಾ ನೋಡಿದಳು. ಹೌದು... ಸರಿಯಾಗಿ ಒಂದಾಳುದ್ದ. ಹೂಳುವಾಗ ಮಲಗಿಸುವ ಹಾಗೆ, ತಲೆ ದಕ್ಷಿಣಕ್ಕೆ.

ಅಷ್ಟು ಹೊತ್ತಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆದಿನಾರಾಯಣಪ್ಪ ಜೀಪಿನಿಂದಿಳಿದರು.

"ಮಂಚದಷ್ಟು ಜಾಗಕ್ಕೆ ರೋಡೇ ನಿಲ್ಸ್ಕೊಂಡು ಕೂತ್ಕೊಳೋಕಾಗತ್ತೇನಮ್ಮ? ಹನ್ನೆರಡು ಅಂತ ಬರ್ದಾಕು."

"ಮುಳ್ಳು ಹದಿನೇಳು ತೋರಿಸ್ತಿದೆ ಸರ್."

"ಮುಂದಿನ ಶುಕ್ರವಾರ ಸೂಪರಿಂಟೆಂಡಿಂಗ್ ಇಂಜಿನಿಯರ್ ಬರ್ತಾರೆ. ಅಷ್ಟ್ರೊಳಗೆ ಆ ಕಲಂ ತುಂಬಿರ್ಬೇಕು. ನೀನು ಬರೀದಿದ್ರೆ ಬರೆಯೋರನ್ನ ತರ್ತೀನಿ."

ಜೀಪು ಹೋಯಿತು. ಪ್ರಮೋದಾಳ ಪೆನ್ನು ಕಲಂನ ಆ ಖಾಲಿ ಮನೆಯ ಮೇಲೆ ನಿಂತೇ ಇತ್ತು. ಕೆಲಸ ಹೋದರೆ ಬೇರೆ ಸಿಗಬಹುದು. ಈ ಕೈಯಿಂದ ಸುಳ್ಳು ಹನ್ನೆರಡು ಬರೆದರೆ... ಕನಸಿನಲ್ಲಿ ಬರುವ ಅಪ್ಪನಿಗೆ ಏನಂತ ಹೇಳುವುದು?

ಈ ತಲೆಬಿಸಿಯ ನಡುವೆಯೇ ಇನ್ನೊಂದು ಶುರುವಾಗಿತ್ತು ನೋಡಿ.

ಬಯಲಿನಲ್ಲಿ ಗಾಳಿ ಬೀಸಿದರೆ ಆ ಪುಟ್ಟ ತಕ್ಕಡಿ ನಿಲ್ಲುವುದೇ ಇಲ್ಲ. ಆರು ಗ್ರಾಂ ತೂಗಲು ಅವಳು ಅರ್ಧ ಗಂಟೆ ಒದ್ದಾಡುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಗಾಳಿ ನಿಂತಿತು. ತಲೆಯೆತ್ತಿ ನೋಡಿದರೆ, ಗಾಳಿ ಬರುವ ದಿಕ್ಕಿಗೆ ಟ್ಯಾಂಕರ್ ಅಡ್ಡ ನಿಂತಿದೆ! ಚಕ್ರಗಳ ಸಂದಿನಿಂದ ನುಗ್ಗುವ ಗಾಳಿಗೆ ಮುನೀಂದ್ರ ತಾನೇ ಕಾಲು ಜೋಡಿಸಿ ನಿಂತಿದ್ದಾನೆ.

"ತೂಗಿ ಮೇಡಂ. ನಾನು ಅಲ್ಲಾಡಲ್ಲ."

ಅಂದಿನಿಂದ ದಿನಾ ಅದೇ. ಅವಳು ತಕ್ಕಡಿ ತೆಗೆದರೆ ಸಾಕು, ಟ್ಯಾಂಕರ್ ಎಲ್ಲಿದ್ದರೂ ಬಂದು ಅಡ್ಡ ನಿಲ್ಲುತ್ತಿತ್ತು. ಪಾಪಯ್ಯ ರೋಲರಿನ ಮೇಲಿಂದಲೇ ಕೆಮ್ಮುತ್ತಿದ್ದ. ಆ ಕೆಮ್ಮು ಧೂಳಿನದಲ್ಲ ಅಂತ ಇಬ್ಬರಿಗೂ ಗೊತ್ತಾಗುತ್ತಿತ್ತು. ಪ್ರಮೋದಾ ಕೆಂಪಾಗಿ, ತೂಕದ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ತೂಗುತ್ತಿದ್ದಳು.

ಒಮ್ಮೆ ತನ್ನ ನೀರಿನ ಬಾಟಲಿ ಚಾಚಿದಳು. "ಬಿಸಿಲಲ್ಲಿ ನಿಂತಿದ್ದೀರ, ತಗೊಳ್ಳಿ."

"ಬೇಡ ಮೇಡಂ. ಟೀ ಕುಡೀತೀನಿ."

ದಿನಕ್ಕೆ ಹತ್ತು ಲೋಡ್ ನೀರು ಹೊಡೆಯುವ ಈ ಮನುಷ್ಯ ಒಂದು ಲೋಟ ನೀರು ಕುಡಿದದ್ದನ್ನು ಸೈಟಿನಲ್ಲಿ ಯಾರೂ ಕಂಡಿರಲಿಲ್ಲ. ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದ.

ಬುಧವಾರ ಬೆಳಗ್ಗೆ ಪ್ರಮೋದಾ ಎಂದಿಗಿಂತ ಬೇಗ ಬಂದಳು. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಒದ್ದೆ ಜಾಗದ ಪಕ್ಕದಲ್ಲಿ ಮುನೀಂದ್ರ ಬಗ್ಗಿ ನಿಂತಿದ್ದ. ಕೈಯಲ್ಲಿ ಖಾಲಿ ಕೊಡಪಾನ. ಅದರ ಬಾಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು!

ಪ್ರಮೋದಾ ಧಡಧಡನೆ ಹತ್ತಿರ ಹೋದಳು.

"ನೀವಾ... ದಿನಾ ಸುರೀತಿದ್ದದ್ದು ನೀವಾ?"

ಅವನು ಬೆಚ್ಚಿ ತಿರುಗಿದ. ದೂರದ ಕಾಲುದಾರಿಯ ಕಡೆ ಒಂದು ಸಲ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಹೂಂ. ನಾನೇ."

"ಯಾಕೆ?"

ಅವನು ಕೊಡಪಾನವನ್ನು ಬೆನ್ನ ಹಿಂದೆ ಸರಿಸಿದ.

"ಕೇಳ್ತಿದ್ದೀನಲ್ಲ, ಯಾಕೆ? ನನ್ನ ಕೆಲಸ ಹೋಗತ್ತೆ ಅಂತ ಗೊತ್ತಿತ್ತಲ್ವಾ ನಿಮ್ಗೆ? ಗಾಳಿಗೆ ಅಡ್ಡ ನಿಂತಿದ್ದೆಲ್ಲ ನನ್ನ ಕಣ್ಣು ಕಟ್ಟೋಕಾ ಹಂಗಾದ್ರೆ?"

"ಅಯ್ಯೋ, ಅದು ಹಂಗಲ್ಲ ಮೇಡಂ..."

"ಇನ್ಹೆಂಗೆ? ಹೇಳಿ!"

ಅವನು ಮತ್ತೆ ಕಾಲುದಾರಿಯ ಕಡೆ ನೋಡಿದ. ಪ್ರಮೋದಾ ಕಣ್ಣೊರೆಸಿಕೊಂಡು ಸೀದಾ ಆಫೀಸಿಗೆ ಹೋಗಿ ಹೇಳಿಬಿಟ್ಟಳು. ಹತ್ತು ಗಂಟೆಗೆಲ್ಲ ಟ್ಯಾಂಕರಿನ ಬೀಗದಕೈ ಬೇರೊಬ್ಬನ ಕೈಗೆ ಹೋಯಿತು. ಮುನೀಂದ್ರ ಹೆಗಲ ಮೇಲೆ ಟವಲ್ ಹಾಕಿಕೊಂಡು ನಡೆದುಹೋದ.

ಅವತ್ತು ಗಾಳಿ ಜೋರಾಗಿತ್ತು. ಆರು ಗ್ರಾಂ ತೂಗಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. 'ಮೋಸಗಾರ... ಮೋಸಗಾರ...' ಅಂತ ಮನಸ್ಸಿನಲ್ಲೇ ಬೈದುಕೊಂಡಳು. ಬೈಯುತ್ತಲೇ ಅತ್ತಳು.

ಗುರುವಾರ ಬೆಳಗ್ಗೆ ನಿಶ್ಚಿಂತೆಯಿಂದ ಡಬ್ಬಿ ಕುಲುಕಿದಳು. ಮುಳ್ಳು ನೋಡಿದಳು.

ಹದಿನೇಳು.

'ಅವನಿಲ್ಲ... ಟ್ಯಾಂಕರೂ ಇತ್ತ ಬಂದಿಲ್ಲ... ಹಾಗಾದರೆ ಯಾರು?'

ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ಹೋಗಿ ಮಣ್ಣಿನ ಗುಡ್ಡೆಯ ಮರೆಯಲ್ಲಿ ಕೂತಳು. ಮಂಜು ಮುಸುಕಿತ್ತು. ಸ್ವಲ್ಪ ಹೊತ್ತಿಗೆ ಬರಿಗಾಲಿನ ಸದ್ದು ಕೇಳಿಸಿತು. ರಸ್ತೆಯ ಗಡಿಯಾಚೆಗಿದ್ದ ಬಾಂದುಕಲ್ಲಿನ ಬಳಿ ಬಿಳಿ ಸೀರೆಯೊಂದು ನಿಂತಿತು. ಪ್ರಮೋದಾ ಗುಡ್ಡೆಗೆ ಇನ್ನಷ್ಟು ಒತ್ತಿಕೊಂಡಳು.

"ಒಂದು... ಎಲ್ಡು... ಮೂರು..."

ಅದು ಹೆಜ್ಜೆ ಎಣಿಸುತ್ತಿತ್ತು! ಬಾಂದುಕಲ್ಲಿನಿಂದ ಸರಿಯಾಗಿ ಇಪ್ಪತ್ತೆರಡು ಹೆಜ್ಜೆ ಎಣಿಸಿ ನಿಂತು, ಸೊಂಟದ ಕೊಡಪಾನ ಇಳಿಸಿ, ತಲೆಯ ಕಡೆಯಿಂದ ಕಾಲಿನವರೆಗೆ ನೀರು ಹೊಯ್ಯುತ್ತಾ ಬಂತು.

"ಕುಡ್ಕೋ ನನ್ನಪ್ಪಾ... ಇವತ್ತೂ ಬಿಸ್ಲು ಜೋರಾಯ್ತದೆ. ಹೊಟ್ಟೆ ತುಂಬ ಕುಡ್ಕೋ..."

ದೆವ್ವವಲ್ಲ. ಬಡಕಲು ಶರೀರದ ಒಬ್ಬ ಹೆಂಗಸು. ಪ್ರಮೋದಾ ಮರೆಯಿಂದ ಎದ್ದಳು.

"ಅಮ್ಮಾ..."

ಮುದುಕಿ ಹೆದರಲಿಲ್ಲ. ಹೀಗೊಂದು ದಿನ ಯಾರಾದರೂ ಕರೆಯುತ್ತಾರೆ ಅಂತ ಕಾದವಳಂತೆ ನಿಟ್ಟುಸಿರು ಬಿಟ್ಟು ಅಲ್ಲೇ ಕೂತಳು. ಅವಳು ಅಕ್ಕಯಮ್ಮ, ಮುನೀಂದ್ರನ ತಾಯಿ. ನೀರು ಹೊಯ್ದ ಜಾಗದ ಕೆಳಗಿದ್ದದ್ದು ಅವಳ ಗಂಡ ಮುನಿರಾಮಯ್ಯ.

"ಇದೆಲ್ಲ ನಮ್ಮ ಹೊಲನೇ ಕಣವ್ವಾ. ವರ್ಷ ತುಂಬೋಗಂಟ ಸಮಾಧಿಗೆ ಕಲ್ ನಿಲ್ಲುಸ್ಬಾರ್ದು ಅಂತ ನಮ್ಮನೆ ಪದ್ಧತಿ. ಬರೀ ಮಣ್ ಗುಡ್ಡೆ ಇತ್ತು. ಅಳತೆಯೋರು ಬಂದವ್ರು, ಕಣ್ಗೆ ಕಲ್ ಕಾಣ್ಲಿಲ್ಲ, ಬರೀ ಬೀಳು ಅಂತ ಬರ್ಕೊಂಡೋದ್ರು. ನಂಗೆ ಓದಕ್ ಬರಲ್ಲ, ಹೆಬ್ಬೆಟ್ ಒತ್ಬುಟ್ಟೆ. ಮಗ ಆಗ ದೂರದೂರಲ್ಲಿ ಕೆಲ್ಸದಲ್ಲಿದ್ದ. ಅವ್ನು ಬರೋ ಹೊತ್ಗೆ ಮ್ಯಾಲೆ ಮಣ್ ಬಿದ್ದೋಗಿತ್ತು."

"ಆಫೀಸಿಗೆ ಹೇಳ್ಬೋದಿತ್ತಲ್ಲಮ್ಮ?"

"ಹೇಳುದ್ರೆ ಮಿಷನ್ ತಂದು ತೋಡಿ, ಮೂಳೇನ ಲಾರೀಗ್ ತುಂಬಿ ಎತ್ಲಾಗೋ ಬಿಸಾಕ್ತಾರೆ ಅಂತ ಅವನ್ಗೆ ಭಯ. ಅದ್ಕೇ ಅಪ್ಪನ ಹತ್ರನಾದ್ರೂ ಇರ್ತೀನಿ ಅಂತ ಇಲ್ಲೇ ಟ್ಯಾಂಕರ್‌ಗೆ ಸೇರ್ಕೊಂಡ. ನೀರ್ ಹುಯ್ಬೇಡ ಕಣಮ್ಮ ಅಂತ ದಿನಾ ಬೈತಾನೆ. ಮೊನ್ನೆ ನಾನು ಕೊಡ ಮರ್ತೋಗಿದ್ದೆ, ತರೋಕ್ ಬಂದೋನು ಸಿಕ್ಕಾಕ್ಕೊಂಡ."

ಪ್ರಮೋದಾಳಿಗೆ ನಿಂತ ನೆಲವೇ ಜಗ್ಗಿದಂತಾಯಿತು.

"ಅಮ್ಮ... ನಿಮ್ಮ ಮಗನ್ನ ಕೆಲಸದಿಂದ ಕಳಿಸಿದ್ದು ನಾನೇ."

"ಗೊತ್ತು. ಅವನೇ ಹೇಳ್ದ. ಆ ಹುಡ್ಗೀದು ತಪ್ಪಿಲ್ಲ, ಅದು ಸುಳ್ ಬರಿಯೋ ಜೀವ ಅಲ್ಲ ಅಂದ."

ಅಷ್ಟೇ! ಪ್ರಮೋದಾ ಅಕ್ಕಯಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತನ್ನಪ್ಪನಿಗಾಗಿ ಅತ್ತಳೋ, ಅವನಿಗಾಗಿ ಅತ್ತಳೋ ಅವಳಿಗೂ ಗೊತ್ತಾಗಲಿಲ್ಲ.

ಅತ್ತು ಮುಗಿದ ಮೇಲೆ ಕೇಳಿದಳು, "ಅಮ್ಮ, ನಾನು ಹನ್ನೆರಡು ಅಂತ ಬರೆದ್ರೆ ಇವತ್ತೇ ಇದ್ರ ಮೇಲೆ ಇನ್ನೊಂದು ಪದರ ಬೀಳತ್ತೆ. ಆಮೇಲೆ ಜಲ್ಲಿ, ಟಾರು. ನಿಜ ಬರೆದ್ರೆ ಅಗೀಲೇಬೇಕಾಗತ್ತೆ. ಮಿಷನ್ ಮುಟ್ಟೋಕೆ ನಾನು ಬಿಡಲ್ಲ, ಕೈಯಲ್ಲೇ ಅಗೆಸ್ತೀನಿ. ಬರೀಲಾ?"

ಅಕ್ಕಯಮ್ಮ ಒದ್ದೆ ಮಣ್ಣನ್ನು ತಲೆಯ ಕಡೆಯಿಂದ ಒಂದು ಸಲ ಸವರಿದಳು.

"ಬರಿ ಮಗಾ."

ಹನ್ನೊಂದು ಗಂಟೆಗೆ ಸೂಪರಿಂಟೆಂಡಿಂಗ್ ಇಂಜಿನಿಯರ್ ಬಂದರು. ರಿಜಿಸ್ಟರ್ ತಿರುವಿದವರು ಒಂದು ಕಡೆ ನಿಂತರು. ತೇವದ ಕಲಂನಲ್ಲಿ ಹದಿನೇಳು. ಪಕ್ಕದಲ್ಲಿ ಷರಾ: 'ಕೆಳಗೆ ಸಮಾಧಿ ಇದೆ. ಮೃತರ ಪತ್ನಿ ದಿನವೂ ನೀರು ಹಾಕುತ್ತಾರೆ. ಟ್ಯಾಂಕರ್ ಚಾಲಕ ಮುನೀಂದ್ರ ಅವರ ತಪ್ಪಿಲ್ಲ, ನನ್ನ ದೂರು ತಪ್ಪು. ಕೈಯಿಂದ ಅಗೆದು ಸ್ಥಳಾಂತರಿಸುವವರೆಗೆ ಇಲ್ಲಿ ಕೆಲಸ ಮಾಡಬಾರದು.'

ಆದಿನಾರಾಯಣಪ್ಪನವರ ಮುಖ ಹುಳಿ ಹಿಂಡಿದಂತಾಯಿತು. "ಸರ್, ಈ ಹುಡುಗಿಗೆ ತಲೆ ಕೆಟ್ಟಿದೆ..."

"ಇವರು ಬರೆದಾಗಿದೆ, ನಾನು ಓದಿಯೂ ಆಯ್ತು," ಅಂದರು ಇಂಜಿನಿಯರ್. "ಇನ್ನು ಓದಿಲ್ಲ ಅನ್ನೋಕಾಗಲ್ಲ ಆದಿನಾರಾಯಣಪ್ಪ. ಕೆಲಸ ನಿಲ್ಲಿಸಿ."

ಮುಂದಿನ ಬುಧವಾರ ಬೆಳಗ್ಗೆ ಅಗೆಯುವುದು ಅಂತಾಯಿತು. ಬಾಂದುಕಲ್ಲಿನಾಚೆ ಉಳಿದಿದ್ದ ತುಂಡು ಹೊಲದಲ್ಲಿ ಹೊಸ ಗುಂಡಿ ಸಿದ್ಧವಾಗಿತ್ತು. ಮಂಗಳವಾರ ಸಂಜೆಯೇ ಪ್ರಮೋದಾಳಿಗೆ ವರ್ಗಾವಣೆಯ ಕಾಗದವೂ ಬಂದಿತ್ತು. ದಾಬಸ್‌ಪೇಟೆ ಕಡೆಯ ಕೆಲಸಕ್ಕೆ. ಮ್ಯಾನೇಜರ್ ಸುಮ್ಮನಿರುವ ಪೈಕಿಯೇ?

ಮುನೀಂದ್ರ, ಅವನ ದಾಯಾದಿಗಳಿಬ್ಬರು, ಜೊತೆಗೆ ಕರೆಯದೆಯೇ ಬಂದ ಪಾಪಯ್ಯ. ನಾಲ್ಕೇ ಸಲಿಕೆ. ಹೊಸ ಪದರಗಳು ಕಳಚಿದವು. ಹಳೇ ಹೊಲದ ಮಣ್ಣು ಬಂತು. ಇನ್ನೂ ಕೆಳಗೆ... ಬಿಳಿ ಪಂಚೆಯ ಅಂಚೊಂದು ಕಾಣಿಸಿದಾಗ ಮುನೀಂದ್ರ ಸಲಿಕೆ ಬಿಟ್ಟು ಮಂಡಿಯೂರಿದ.

"ಪ್ರಮೋದಾ ಅವ್ರೇ..."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಆಸ್ಪತ್ರೇಲಿ ಬಾಯಿಗೆ ನೀರು ಕೊಡ್ಬೇಡಿ ಅಂದಿದ್ರು. ಅಪ್ಪಯ್ಯ ಕೊನೇ ದಿನ ಪೂರ್ತಿ ಕೇಳ್ತಾನೇ ಇತ್ತು. 'ಒಂದು ಲೋಟ ಮಗಾ, ಒಂದೇ ಲೋಟ...' ಅಂತ. ನಾನು ಕೊಡ್ಲಿಲ್ಲ. ಬದುಕ್ಲಿ ಅಂತಾನೇ ಕೊಡ್ಲಿಲ್ಲ! ಆದ್ರೂ ಹೋಗ್ಬಿಡ್ತು... ಅವತ್ತಿಂದ ನಂಗೆ ನೀರು ಗಂಟಲಲ್ಲಿ ಇಳಿಯಲ್ಲ."

ಪ್ರಮೋದಾ ಗುಂಡಿಯ ಅಂಚಿಗೆ ಬಂದು ಕೂತಳು.

"ಒಂದು ಸಲ ಅಳೆದು ಹೇಳಿ. ಅಮ್ಮ ಹುಯ್ದಿದ್ದು ಅಪ್ಪಯ್ಯನ ಹತ್ರ ಹೋಗಿತ್ತಾ? ನೀವು ಸುಳ್ಳು ಹೇಳೋರಲ್ಲ, ಅದಕ್ಕೇ ನಿಮ್ಮನ್ನೇ ಕೇಳ್ತಿದ್ದೀನಿ."

ಅವಳು ಗುಂಡಿಗಿಳಿದು ಪಂಚೆಯ ಪಕ್ಕದಿಂದ ಒಂದು ಚಿಟಿಕೆ ಮಣ್ಣು ತೆಗೆದಳು. ಮೇಲೆ ಬಂದು ತಕ್ಕಡಿ ಇಟ್ಟಳು. ಗಾಳಿ ಎದ್ದಿತು. ಕೇಳದೆಯೇ ಮುನೀಂದ್ರ ಬಂದು ಅಡ್ಡ ನಿಂತ. ಕಬ್ಬಿಣದ ಗುಂಡುಗಳು ಗಲಗಲ ಅಂದವು.

ಕುಲುಕುತ್ತಲೇ ಅವಳು ಲೆಕ್ಕ ಹಾಕಿದಳು. ರೋಲರ್ ಓಡಿದ ಪದರ ದಾಟಿ ಕೊಡಪಾನದ ನೀರು ಅಷ್ಟು ಆಳಕ್ಕೆ ಇಳಿಯುವುದಿಲ್ಲ. 'ಒಣ ಮಣ್ಣು ಬಂದರೆ? ಈ ಮುಖ ನೋಡಿಕೊಂಡು ತೇವ ಬರೀ ಆರೇ ಇದೆ ಅಂತ ಹೇಗೆ ಹೇಳಲಿ? ಅಪ್ಪಾ... ಇವತ್ತೊಂದು ದಿನ ಸುಳ್ಳು ಹೇಳಲಾ?'

ಮುಳ್ಳು ನಿಂತಿತು. ಅವಳು ನೋಡಿದಳು. ಮತ್ತೊಮ್ಮೆ ನೋಡಿದಳು.

"ಹತ್ತೊಂಬತ್ತು," ಅಂದಳು. "ಆದ್ರೆ ಇದು ಅಮ್ಮ ಹುಯ್ದ ನೀರಲ್ಲ ಮುನೀಂದ್ರ. ಅದು ಮೇಲೇ ನಿಂತಿದೆ, ಇಷ್ಟು ಕೆಳಗೆ ಬರೋಕಾಗಲ್ಲ. ಇದು ಈ ಮಣ್ಣಲ್ಲೇ ಮೊದ್ಲಿಂದ ಇದ್ದ ತೇವ. ಮೇಲೆ ಮುಚ್ಚಿಗೆ ಬಿದ್ದಿದ್ರಿಂದ ಆರಿಲ್ಲ. ನಿಮ್ಮಪ್ಪ ಇಲ್ಲಿ ಒಂದು ದಿನಾನೂ ಒಣಮಣ್ಣಲ್ಲಿ ಮಲಗಿಲ್ಲ."

"ನಿಜ?"

"ಮುಳ್ಳು ನೀವೇ ನೋಡಿ."

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಹಾಗೇ ಎದೆಗವಚಿಕೊಂಡು, ವರ್ಷದಿಂದ ಬಾರದ ಅಳುವನ್ನೆಲ್ಲ ಒಮ್ಮೆಗೇ ಅತ್ತುಬಿಟ್ಟ. ಅಕ್ಕಯಮ್ಮ ಮಗನ ತಲೆ ಸವರುತ್ತಾ, "ಕೇಳಿದ್ಯೇನೋ? ನಿಮ್ಮಪ್ಪ ತಣ್ಣಗಿತ್ತಂತೆ ಕಣೋ," ಅಂದಳು.

ಹಾಲು ತುಪ್ಪ ಬಿಟ್ಟು, ಹೊಸ ಜಾಗದಲ್ಲಿ ಮುನಿರಾಮಯ್ಯನನ್ನು ಮಣ್ಣು ಮಾಡಿ, ವರ್ಷ ತುಂಬಿದ್ದರಿಂದ ಈ ಸಲ ತಲೆಯ ಕಡೆ ಕಲ್ಲು ನಿಲ್ಲಿಸಿಯೇ ಎಲ್ಲರೂ ಹೊರಟರು. ಪಾಪಯ್ಯ ಹೋಗುವಾಗ ಇಬ್ಬರನ್ನೂ ನೋಡಿ ಕೆಮ್ಮಿದ.

ಪ್ರಮೋದಾ ತಕ್ಕಡಿಯನ್ನು ಪೆಟ್ಟಿಗೆಗಿಡುತ್ತಿದ್ದಳು. ಮುನೀಂದ್ರ ಬಂದು ನಿಂತ.

"ನಾಳೆಯಿಂದ ದಾಬಸ್‌ಪೇಟೆ ಅಂತೆ?"

"ಹೂಂ."

"ಅಲ್ಲಿ ಗಾಳಿ ಹೆಂಗೆ?"

"ಜೋರಂತೆ. ತಕ್ಕಡಿ ನಿಲ್ಲೋದೇ ಇಲ್ಲ ಅಂದ್ರು."

"ಹಂಗಾದ್ರೆ... ನಾನೂ ಬರ್ತೀನಿ."

"ಅಲ್ಲಿ ಟ್ಯಾಂಕರ್ ಖಾಲಿ ಇದ್ಯೋ ಇಲ್ವೋ ಗೊತ್ತಿಲ್ಲ."

"ಟ್ಯಾಂಕರ್ ಇಲ್ದಿದ್ರೆ ಹೋಗ್ಲಿ. ನಾನೊಬ್ನೇ ಅಡ್ಡ ನಿಂತ್ರೆ ಸಾಲಲ್ವಾ?" ತಲೆ ತಗ್ಗಿಸಿಯೇ ಅಂದ. "ನೀವಂದ್ರೆ ನಂಗೆ ಇಷ್ಟ ಪ್ರಮೋದಾ. ಅವತ್ತು ಗಾಡಿಗೆ ಅಡ್ಡ ಬಂದ್ರಲ್ಲ, ಅವತ್ತಿಂದಾನೇ."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಮೋಸಗಾರ ಅಂತ ಎಷ್ಟು ಬೈದಿದ್ದೀನಿ ಗೊತ್ತಾ ನಿಮ್ಗೆ? ಬೈಯುವಾಗೆಲ್ಲ ನೀವು ಬಂದು ನಿಂತ್ರೆ ಸಾಕು ಅನ್ನಿಸ್ತಿತ್ತು."

ಅವನು ಮುಖವೆತ್ತಿದ. ಆ ಕಣ್ಣಿನ ಕೆಂಪು ಇನ್ನೂ ಹೋಗಿರಲಿಲ್ಲ. ಬೆಳಗಿನಿಂದ ಅಗೆದು ತುಟಿ ಒಣಗಿ ಬಿರಿದಿತ್ತು. ಪ್ರಮೋದಾ ತನ್ನ ಬಾಟಲಿಯ ಮುಚ್ಚಳ ಬಿಚ್ಚಿ ಅವನ ಕೈಗೆ ಕೊಟ್ಟಳು.

ಅವನು ಹಿಂಜರಿದ. ಹೊಸ ಕಲ್ಲಿನ ಕಡೆ ಒಂದು ಸಲ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಬಾಟಲಿ ಎತ್ತಿದ. ಒಂದು ಗುಟುಕು... ಇನ್ನೊಂದು...

"ಇಳೀತಾ?" ಅಂದಳು ಅವಳು ಪಿಸುಮಾತಿನಲ್ಲಿ.

"ಹೂಂ. ಇಳೀತು."

"ಇನ್ನೂ ಇದೆ. ಪೂರ್ತಿ ಕುಡೀರಿ."